ಘಾಟಿ ಹತ್ತಿದ ಪೆನ್ನು

ಸುಳ್ಯದಲ್ಲಿ ಬಸ್ ಹತ್ತುವಾಗ ಅಂಗಿ ಬೆಳ್ಳಗಿತ್ತು. ಮಡಿಕೇರಿಯಲ್ಲಿ ಇಳಿಯುವಾಗ ಜೇಬಿನ ಕೆಳಗೆ ನೇರಳೆ ಹಣ್ಣಿನಷ್ಟು ದೊಡ್ಡ ನೀಲಿ ಕಲೆ.

ಜೇಬಿನಲ್ಲಿದ್ದ ಶಾಯಿ ಪೆನ್ನಿನ ಮೇಲೆ ಸಿಟ್ಟು ಬರಲಿಲ್ಲ. ಘಾಟಿಯ ಬುಡದ ಸಂಪಾಜೆಯಿಂದ ಇಲ್ಲಿಗೆ ಹೆಚ್ಚುಕಡಿಮೆ 1,000 ಮೀಟರ್ ಏರು ಅಲ್ವಾ. ಮೇಲೆ ಬಂದಷ್ಟೂ ಹೊರಗಿನ ಗಾಳಿಯ ಒತ್ತಡ ಕಡಿಮೆ, ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು. ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ನನ್ನದರಲ್ಲಿ ಅರ್ಧ ಮಾತ್ರ ಶಾಯಿ ಇತ್ತು. ಗಾಳಿ ಜಾಸ್ತಿ, ಸೋರಿದ್ದೂ ಜಾಸ್ತಿ.

ರಾತ್ರಿ ಬಿಚ್ಚಿ ತೊಳೆದೆ. ನಿಬ್ಬಿನ ಅಡಿಯ ಆ ಕಪ್ಪು ತುಂಡನ್ನು ದೀಪಕ್ಕೆ ಹಿಡಿದು ಸುಮ್ನೆ ನೋಡುತ್ತಾ ಕೂತೆ.

ಕೂದಲೆಳೆಯಂಥ ಒಂದು ಗೀರು. ಅದರ ಪಕ್ಕ ಬಾಚಣಿಗೆ ಹಲ್ಲಿನಂಥ ಸಂದುಗಳು. ಶಾಯಿ ಜಾಸ್ತಿ ಇಳಿದರೆ ಈ ಸಂದುಗಳು ಹಿಡಿದಿಟ್ಟುಕೊಳ್ಳುತ್ತವೆ. ಅವೂ ತುಂಬಿದರೆ ಜೇಬಿಗೆ ಹನಿ.

1884ರಲ್ಲಿ ಅಮೆರಿಕದ ಪೆನ್ನು ತಯಾರಕ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ಗೀರುಗಳಿಗೇ. ಶಾಯಿ ಹೊರಗೆ ಬರಬೇಕು, ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಪೂರ್ತಿ ಮುಚ್ಚಿದರೆ ಪೆನ್ನು ಬರೆಯುವುದೇ ಇಲ್ಲ. ಎಷ್ಟು ತೆರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಜಪಾನಿನ ಕೆಲವು ಪೆನ್ನುಗಳಲ್ಲಿ ಹಿಂದಿನ ತಿರುಪು ಬಿಗಿದರೆ ಶಾಯಿಯ ದಾರಿ ಬಂದ್. ಬರೆಯುವಾಗ ಸ್ವಲ್ಪ ಸಡಿಲಿಸಿದರೆ ಸಾಕು. ಎಷ್ಟು ಚೆಂದದ ಯೋಚನೆ! ಘಾಟಿ ಹತ್ತಿ ಇಳಿಯುವ ನಮ್ಮಂಥವರಿಗೆ ಅದೇ ಬೇಕು.

ಹೊರಗೆ ಮಳೆ. ಅಂಗಿ ಬಕೆಟ್‌ನಲ್ಲಿ ನೆನೆಯುತ್ತಿದೆ. ಮುಂದಿನ ಸಲ ಸುಳ್ಯದಿಂದ ಬರುವಾಗ ಶಾಯಿ ತುಂಬಿಸಿಕೊಂಡು, ನಿಬ್ಬು ಮೇಲೆ ಮಾಡಿ ಇಟ್ಟುಕೊಳ್ಳುತ್ತೇನೆ.