ಪ್ರೆಯಾ ಡಾಕ್‌ನ ಅಜ್ಜಿ ಮತ್ತು ಮೂಗು ಮುಚ್ಚಿಕೊಂಡವರು

ಕಾಂಬೋಡಿಯಾದಿಂದ ಮರಳಿ ಇನ್ನೂ ವಾರವಾಗಿಲ್ಲ. ಅಂಗ್ಕೋರ್ ವಾಟ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ಫೋಟೊ ತೋರಿಸುತ್ತಿದ್ದೇನೆ. ಮನಸ್ಸು ಮಾತ್ರ ರಸ್ತೆಬದಿಯ ಒಂದು ಚಪ್ಪರದ ಕೆಳಗೆ ಸಿಕ್ಕಿಕೊಂಡಿದೆ. ಅಜ್ಜಿಯೊಬ್ಬರು ತಮ್ಮ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದರು. ನಡೆದದ್ದು ಅಷ್ಟೇ. ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಿಟ್ಟು ಏಳುತ್ತದೆ.

ಸಿಯೆಮ್ ರೀಪ್‌ನಿಂದ ಬಂಟೆಯ್ ಸ್ರೈ ದೇಗುಲಕ್ಕೆ ಹೋಗುವ ದಾರಿಯಲ್ಲಿರುವ ಪ್ರೆಯಾ ಡಾಕ್, ನೊಮ್ ಬನ್ ಚೊಕ್‌ಗೆ ಹೆಸರಾದ ಹಳ್ಳಿ. ಅಕ್ಕಿಯನ್ನು ನೆನೆಸಿ, ರುಬ್ಬಿ, ನೀರು ಬಸಿದು, ಹುಳಿ ಬರಿಸಿ, ಆ ಹಿಟ್ಟನ್ನು ಕುಟ್ಟಿ ನಾದಿ, ಅಚ್ಚಿನಿಂದ ನೇರವಾಗಿ ಕುದಿಯುವ ನೀರಿಗೆ ಒತ್ತುವ ಶಾವಿಗೆ ಅದು. ಕಾಂಬೋಡಿಯಾದ ಬಹುಸಂಖ್ಯಾತರಾದ ಖ್ಮೇರ್ ಜನರಿಗೆ ಬೆಳಗಿನ ತಿಂಡಿ. ಮೇಲೆ ಸುರಿಯುವ ಹಸಿರು ಸಾರಿಗೆ ನಿಂಬೆಹುಲ್ಲು, ಅರಿಶಿನ, ಬೆಳ್ಳುಳ್ಳಿ ಮೊದಲಾದವನ್ನು ಒರಳಿನಲ್ಲಿ ಕುಟ್ಟಿದ ಮಸಾಲೆ, ಬೇಯಿಸಿ ಮುಳ್ಳು ತೆಗೆದ ಮೀನು, ತೆಂಗಿನ ಹಾಲು ಬೀಳುತ್ತವೆ. ಇವುಗಳ ಜೊತೆಗೆ ಪ್ರಹೊಕ್. ಮೀನನ್ನು ಜಜ್ಜಿ, ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ, ತಿಂಗಳುಗಟ್ಟಲೆ ಜಾಡಿಯಲ್ಲಿ ಹುಳಿಸಿದ್ದು. ವಾಸನೆ ಜೋರಾಗಿಯೇ ಇರುತ್ತದೆ, ಇಲ್ಲವೆನ್ನುವುದಿಲ್ಲ.

ಅಜ್ಜಿಗೆ ಎಪ್ಪತ್ತರ ಆಸುಪಾಸು ಇರಬಹುದು. ಬಾಳೆ ಎಲೆಯ ಮೇಲೆ ಸುರುಳಿ ಸುರುಳಿಯಾಗಿ ಜೋಡಿಸಿದ ಶಾವಿಗೆಯನ್ನು ಮೂರು ಬೆರಳಲ್ಲಿ ಎತ್ತಿ ಬಟ್ಟಲಿಗೆ ಇಳಿಸುತ್ತಿದ್ದರು. ಸಣ್ಣಗೆ ಹೆಚ್ಚಿದ ಬಾಳೆಹೂವು, ಸೌತೆ, ನೈದಿಲೆಯ ದಂಟು, ಮೊಳಕೆಕಾಳನ್ನು ಅದರ ಮೇಲೆ ಉದುರಿಸಿ ಸೌಟಿಗೆ ಕೈ ಹಾಕಿದರು. ಆಗ ನಮ್ಮ ಗುಂಪಿನ ಹಿರಿಯರೊಬ್ಬರು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. "ಥೂ, ಏನಿದು ಕೊಳೆತ ವಾಸನೆ! ಮನುಷ್ಯರು ತಿನ್ನುವಂಥದ್ದೇ ಇದು?" ಅಜ್ಜಿ ಅವರ ಮುಖ ನೋಡಿದರು, ಪಾತ್ರೆ ನೋಡಿದರು, ಪಕ್ಕದಲ್ಲಿದ್ದ ಮುಚ್ಚಳ ತೆಗೆದು ಮೆಲ್ಲಗೆ ಮುಚ್ಚಿದರು.

ಆ ಹಿರಿಯರು ಕೆಟ್ಟವರಲ್ಲ. ಬಸ್ಸಿನಲ್ಲಿ ಎಲ್ಲರಿಗೂ ಕೋಡುಬಳೆ ಹಂಚಿದವರು, ನನ್ನ ಚೀಲವನ್ನು ಮೇಲಕ್ಕೆ ಎತ್ತಿಟ್ಟುಕೊಟ್ಟವರು. ಶುದ್ಧ ಸಸ್ಯಾಹಾರಿ. ಮೀನು ತಿನ್ನದಿರುವುದು ಅವರ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಿಂದಿನ ದಿನ ಬಯೋನ್ ದೇಗುಲದ ಗೋಡೆಯ ಎದುರು ಇದೇ ಮನುಷ್ಯ ಮೈಮರೆತು ನಿಂತಿದ್ದರು. ಏಳನೆಯ ಜಯವರ್ಮನ್ ಕಟ್ಟಿಸಿದ ಆ ದೇಗುಲದ ಉಬ್ಬುಶಿಲ್ಪಗಳಲ್ಲಿ ಅನ್ನ ಬೇಯುತ್ತಿದೆ, ಕಡ್ಡಿಗೆ ಚುಚ್ಚಿದ ಮಾಂಸ ಕೆಂಡದ ಮೇಲಿದೆ, ಹಂದಿಯೊಂದನ್ನು ಕೊಪ್ಪರಿಗೆಗೆ ಇಳಿಸುತ್ತಿದ್ದಾರೆ. "ಎಂಥಾ ನಾಗರಿಕತೆ!" ಎಂದು ಉದ್ಗರಿಸಿ ಒಂದೊಂದನ್ನೂ ಮೊಬೈಲಿನಲ್ಲಿ ತೆಗೆದುಕೊಂಡಿದ್ದರು. ಆ ಅಡುಗೆಯನ್ನು ಇಂದಿಗೂ ಮಾಡುತ್ತಿರುವವರ ಎದುರು ಬಂದಾಗ ಆ ನಾಗರಿಕತೆ ಎಲ್ಲಿ ಹೋಯಿತು?

ಪ್ರಹೊಕ್ ಬಡತನದ ಜಾಣ್ಮೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ, ಅದನ್ನು ಸೇರುವ ಟೊನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ಅದೇ ಹೆಸರಿನ ಸರೋವರವನ್ನು ತುಂಬಿಸುತ್ತದೆ. ಮಳೆ ನಿಂತ ಮೇಲೆ ನೀರು ಮತ್ತೆ ಕೆಳಗಿಳಿಯುವಾಗ ಸಣ್ಣ ಮೀನುಗಳ ರಾಶಿಯೇ ಬಲೆಗೆ ಬೀಳುತ್ತದೆ. ಅಷ್ಟನ್ನೂ ಒಮ್ಮೆಲೇ ತಿನ್ನಲಾಗದು, ಕೆಡಿಸಲೂ ಬಾರದು. ಭತ್ತ ಬೆಳೆಯುವ ಊರುಗಳವರು ಎತ್ತಿನ ಗಾಡಿಯಲ್ಲಿ ಅಕ್ಕಿ ತಂದು, ಬದಲಿಗೆ ಮೀನು ಒಯ್ದು, ವರ್ಷಕ್ಕಾಗುವಷ್ಟು ಪ್ರಹೊಕ್ ಮಾಡಿಡುತ್ತಿದ್ದರು. ಬೇರೇನೂ ಇಲ್ಲದ ದಿನ ಅನ್ನಕ್ಕೆ ಅದೊಂದಿದ್ದರೆ ಸಾಕು.

ಆ ಒಂದೂ ಇಲ್ಲದ ಕಾಲವನ್ನು ಅಜ್ಜಿ ಕಂಡಿರಲೇಬೇಕು. 1975ರ ಏಪ್ರಿಲ್‌ನಿಂದ 1979ರ ಜನವರಿಯವರೆಗೆ ಪೊಲ್ ಪಾಟ್‌ನ ಕಮ್ಯುನಿಸ್ಟ್ ಪಡೆಯಾದ ಖ್ಮೇರ್ ರೂಜ್ ದೇಶವನ್ನು ಆಳಿದಾಗ ಮನೆಯಲ್ಲಿ ಒಲೆ ಹಚ್ಚುವುದೇ ಅಪರಾಧವಾಗಿತ್ತು. ಮಡಕೆಗಳನ್ನು ಕಸಿದುಕೊಂಡು, ಎಲ್ಲರನ್ನೂ ಸಾಮೂಹಿಕ ಊಟದ ಸಾಲಿಗೆ ತಂದು, ತೆಳ್ಳಗಿನ ಗಂಜಿ ಹಾಕಿದರು. ಹಸಿವು, ರೋಗ, ಕೊಲೆಗಳಿಗೆ ಸತ್ತವರು ಹದಿನೈದು ಲಕ್ಷದಿಂದ ಇಪ್ಪತ್ತು ಲಕ್ಷ ಎಂಬ ಅಂದಾಜಿದೆ. ಅದನ್ನೆಲ್ಲ ದಾಟಿ ಬಂದ ತಲೆಮಾರಿನ ಹೆಂಗಸು ತನ್ನದೇ ಪಾತ್ರೆ, ತನ್ನದೇ ಸೌಟು ಹಿಡಿದು ರಸ್ತೆಯಲ್ಲಿ ಹೋಗುವವರನ್ನು ಕರೆದು ಬಡಿಸುತ್ತಿದ್ದಾರೆ. ನಾವು ಹೋಗಿ ಮೂಗು ಮುಚ್ಚುತ್ತೇವೆ.

ಆ ಮುಚ್ಚಳ ಮುಚ್ಚಿದ್ದು ಅವಮಾನದಿಂದ ಎಂದು ಮೊದಲು ನನಗೆ ಅನಿಸಿತ್ತು. ಈಚೆಗೆ ಬೇರೆ ಅನಿಸುತ್ತಿದೆ. ಅವರ ಮುಖದಲ್ಲಿ ಕೋಪವಿರಲಿಲ್ಲ. ಹಿರಿಯರಿಗೆ ಒಂದು ಪ್ಲಾಸ್ಟಿಕ್ ಸ್ಟೂಲನ್ನು ಗಾಳಿ ಬರುವ ಕಡೆಗೆ ಎಳೆದು ಹಾಕಿ, ಕಬ್ಬಿನ ಹಾಲು ತರಿಸಲೇ ಎಂದು ಗೈಡ್ ಹುಡುಗನ ಮೂಲಕ ಕೇಳಿಸಿದರು. ಬಂದವರಿಗೆ ತೊಂದರೆಯಾಗದಿರಲಿ ಎಂದೇ ಮುಚ್ಚಿದ್ದರೇನೋ. ಹಾಗಿದ್ದರೆ ನನ್ನ ಸಿಟ್ಟು ಇನ್ನೂ ಹೆಚ್ಚುತ್ತದೆ. ನಾನು ಎರಡು ಬಟ್ಟಲು ಉಂಡೆ. ಸಾರು ತೆಂಗಿನ ಹಾಲಿನಿಂದ ಮೆದುವಾಗಿತ್ತು, ಹಸಿ ತರಕಾರಿ ಹಲ್ಲಿಗೆ ಗರಿಗರಿ ಸಿಗುತ್ತಿತ್ತು, ಪ್ರಹೊಕ್‌ನ ಉಪ್ಪು ಕೊನೆಗೆ ನಾಲಿಗೆಯಲ್ಲಿ ಉಳಿಯಿತು.

ಈ ಸಿಟ್ಟಿಗೆ ಹಳೆಯ ಬೇರಿದೆ. ನಮ್ಮದು ಕುಂದಾಪುರದ ಕಡೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಣ ಸಿಗಡಿ ಹುರಿಯುವ ಮುನ್ನ ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. ಮಾಲೀಕರು ಒಮ್ಮೆ ಮೆಟ್ಟಿಲ ಮೇಲೆ ನಿಂತು ಮೂಗು ಹಿಡಿದದ್ದೇ ಕಾರಣ. ಬೈಯಲಿಲ್ಲ, ಮೂಗು ಹಿಡಿದರು, ಅಷ್ಟೇ. ಆಮೇಲೆ ಬೇಸಿಗೆಯ ಸೆಕೆಯಲ್ಲೂ ಅಮ್ಮ ಕಿಟಕಿ ತೆರೆಯದೆ ಬೆವರುತ್ತಾ ಚಟ್ನಿ ಮಾಡಿದರು.

ಅಂದು ರಾತ್ರಿ ಹೋಟೆಲಿನಲ್ಲಿ, ಗುಂಪಿನ ಜೊತೆ ಬಂದಿದ್ದ ಅಡುಗೆಯವರು ಪುಳಿಯೋಗರೆ ಬಡಿಸುತ್ತಿದ್ದಾಗ, ಹಿರಿಯರಿಗೆ ಇದನ್ನೆಲ್ಲ ಹೇಳಿದೆ.

"ನಾನು ಹೇಳಿದ್ದು ಕನ್ನಡದಲ್ಲಿ ತಾನೇ ಮೇಡಂ? ಆಕೆಗೇನು ತಿಳಿಯುತ್ತದೆ?" ಎಂದರು.

"ನಮ್ಮ ಮಾಲೀಕರು ಮಾತೇ ಆಡಿರಲಿಲ್ಲ ಸರ್," ಎಂದೆ.

"ಅದು ಬೇರೆ, ಇದು ಬೇರೆ" ಎಂದು ತಟ್ಟೆ ಹಿಡಿದು ಎದ್ದರು. ನನಗೆ ಎರಡೂ ಒಂದೇ. ಮುಂದಿನ ತಿಂಗಳು ಗುಂಪಿನವರೆಲ್ಲ ಅವರ ಮನೆಯಲ್ಲಿಯೇ ಸೇರುವುದೆಂದು ಮಾತಾಗಿದೆ. ಅಲ್ಲಿ ಈ ವಿಷಯವನ್ನು ಮತ್ತೆ ಎತ್ತುತ್ತೇನೆ.