ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ 13

14 ಸೆಪ್ಟೆಂಬರ್ 2025, ಭಾನುವಾರ

ತಂಗಿಯ ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ 13 ಎಂಬ ಲಿನಕ್ಸ್ ಹಾಕಿ ಈಗಷ್ಟೇ ಎದ್ದೆ. ವಿಂಡೋಸೂ ಇರಲೇಬೇಕು, ಕಾಲೇಜಿನ ಯಾವುದೋ ಸಾಫ್ಟ್‌ವೇರು ಅದರಲ್ಲೇ ಓಡುವುದಂತೆ. ಇನ್‌ಸ್ಟಾಲರ್ ಪಾಲಿನ ಕೆಲಸ ಕಾಫಿ ಆರುವಷ್ಟರಲ್ಲಿ ಮುಗಿಯಿತು. ಸಮಯ ತಿಂದದ್ದೆಲ್ಲ ಅದರ ಹಿಂದೆ ಮುಂದೆ ಯಂತ್ರ ಆನ್ ಆದೊಡನೆ ಮೊದಲು ಓಡುವ ಫರ್ಮ್‌ವೇರಿನ ಜೊತೆ ನಡೆದ ಚೌಕಾಶಿ.

ಪೆನ್‌ಡ್ರೈವ್ ಚುಚ್ಚುವ ಮೊದಲೇ ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ನೋಡಿದೆ. ಈಗಿನ ವಿಂಡೋಸಿಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಸಾಕು, ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿಬಿಡುತ್ತದೆ. ತಂಗಿಗೆ ಅದರ ಸುಳಿವೇ ಇರಲಿಲ್ಲ. 48 ಅಂಕಿಯ ರಿಕವರಿ ಕೀಯನ್ನು ಹಾಳೆಯಲ್ಲಿ ಬರೆಸಿದೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರೆನಿದ್ದೆ ಅಷ್ಟೇ, ಡಿಸ್ಕಿನ ವಿಂಡೋಸ್ ಭಾಗಕ್ಕೆ (ಪಾರ್ಟಿಶನ್) ಲಿನಕ್ಸಿನಿಂದ ಬರೆಯುವುದು ಅಪಾಯ.

ನಂಬಿದ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಆಫ್ ಮಾಡು ಅಂತ ಎಲ್ಲರೂ ಮೊದಲ ಉಸಿರಿಗೇ ಹೇಳುತ್ತಾರೆ. ಸೋಮಾರಿ ಸಲಹೆ. ಡೆಬಿಯನ್ 2019ರ 10ನೇ ಆವೃತ್ತಿಯಿಂದಲೇ ಅದರ ಜೊತೆ ಹೊಂದಿಕೊಂಡು ಹೋಗುತ್ತಿದೆ. ಶಿಮ್ ಎಂಬ ಪುಟ್ಟ ಪ್ರೋಗ್ರಾಂಗೆ ಮೈಕ್ರೋಸಾಫ್ಟಿನ ಸಹಿ ಇರುತ್ತದೆ, ಅದರೊಳಗೆ ಡೆಬಿಯನ್ನಿನ ಕೀ. ಮದುವೆ ಮನೆಗೆ ಪರಿಚಯದವರೊಬ್ಬರ ಜೊತೆ ನುಗ್ಗಿದ ಹಾಗೆ: ಫರ್ಮ್‌ವೇರ್ ಶಿಮ್ಮನ್ನು ನಂಬುತ್ತದೆ, ಶಿಮ್ ಓಎಸ್ ಎಬ್ಬಿಸುವ ಬೂಟ್‌ಲೋಡರ್ ಗ್ರಬ್ಬನ್ನು ಒಳಗೆ ಕರೆಯುತ್ತದೆ, ಲಿನಕ್ಸಿನ ತಿರುಳಾದ ಕರ್ನಲ್ ಅದರ ಹಿಂದೆ.

ಆದರೆ ಈ ಯಂತ್ರದಲ್ಲಿ ಶಿಮ್ಮೇ ಬಾಗಿಲಲ್ಲಿ ನಿಂತಿತು. ಕೆಲವು ಹೊಸ ಲ್ಯಾಪ್‌ಟಾಪುಗಳು ವಿಂಡೋಸಿನ ಸಹಿಯನ್ನು ಮಾತ್ರ ಒಪ್ಪುವಂತೆ ಬರುತ್ತವೆ; ಮೈಕ್ರೋಸಾಫ್ಟ್ ಬೇರೆಯವರಿಗೆ ಹಾಕಿಕೊಡುವ ಸಹಿಗೆ ಬೇರೆಯೇ ಸ್ವಿಚ್ಚು. ಫರ್ಮ್‌ವೇರ್ ಸೆಟಪ್ಪಿನ ಸೆಕ್ಯೂರಿಟಿ ಪುಟದಲ್ಲಿ 'ಥರ್ಡ್ ಪಾರ್ಟಿ ಸಿಎ' ಅಂತ ಇತ್ತು, ಆನ್ ಮಾಡಿದೆ. ನಂಬಿಕೆಯ ಪಟ್ಟಿ ಬದಲಾಯಿತಲ್ಲ, ಬಿಟ್‌ಲಾಕರಿನ ಕೀ ಕಾಯುವ ಟಿಪಿಎಂ ಚಿಪ್ ಮುನಿಸಿಕೊಂಡು ವಿಂಡೋಸ್ ರಿಕವರಿ ಕೀ ಕೇಳಿತು. ಹಾಳೆ ಕೈಯಲ್ಲೇ ಇತ್ತು. ತಂಗಿ ಅಂಕಿ ಓದಿದಳು, ನಾನು ಒತ್ತಿದೆ.

ಇನ್‌ಸ್ಟಾಲ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಬೂಟ್‌ಲೋಡರುಗಳು ಕೂರುವ ಇಎಫ್‌ಐ ಪಾರ್ಟಿಶನ್ ಮೊದಲೇ ಇತ್ತು, ಅದನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಳಸಿದೆ. ಈಗ ಆ ಫ್ಯಾಟ್32 ಜಾಗದಲ್ಲಿ ಮೈಕ್ರೋಸಾಫ್ಟ್, ಡೆಬಿಯನ್ ಎರಡು ಫೋಲ್ಡರು ಅಕ್ಕಪಕ್ಕ ಇವೆ. ಒಬ್ಬರ ಬೂಟ್‌ಲೋಡರನ್ನು ಇನ್ನೊಬ್ಬರು ಅಳಿಸುತ್ತಿದ್ದ ಹಳೆಯ ಎಂಬಿಆರ್ (ಡಿಸ್ಕಿನ ಆರಂಭದ ಒಂದೇ ಬೂಟ್ ಜಾಗ) ಕಾಲಕ್ಕಿಂತ ಎಷ್ಟೋ ವಾಸಿ.

ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರಿಗೆ ಇನ್ನೊಂದು ಸುತ್ತು. ಅದು ನಮ್ಮ ಯಂತ್ರದಲ್ಲೇ ಕಂಪೈಲ್ ಆಗುವುದು, ಹಾಗಾಗಿ ಡೆಬಿಯನ್ನಿನ ಸಹಿ ಅದಕ್ಕಿಲ್ಲ. ಅದನ್ನು ಕಂಪೈಲ್ ಮಾಡಿಸುವ ಡಿಕೆಎಂಎಸ್ ತನ್ನದೇ ಕೀ ಮಾಡಿ ಸಹಿ ಹಾಕುತ್ತದೆ, ಆ ಕೀಯನ್ನು ನಾವು ಮೊಕ್‌ಯುಟಿಲ್ ಎಂಬ ಕಮ್ಯಾಂಡಿನಿಂದ ಶಿಮ್ಮಿಗೆ ಪರಿಚಯಿಸಬೇಕು. ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಿತು. ರೀಬೂಟ್ ಆದಾಗ ಒಂದು ನೀಲಿ ಪರದೆ, 'ಯಾವುದಾದರೂ ಕೀ ಒತ್ತಿ' ಅಂತ ಹತ್ತರಿಂದ ಕೆಳಗೆ ಎಣಿಸತೊಡಗಿತು. ಆ ಹತ್ತು ಸೆಕೆಂಡು ತಪ್ಪಿದರೆ ಅದು ಸುಮ್ಮನೆ ಮುಂದೆ ಹೋಗಿಬಿಡುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ, ಜನ ಎನ್‌ವಿಡಿಯಾಗೆ ಬೈಯುತ್ತಾರೆ. ಕೀ ಒತ್ತಿ, 'ಎನ್‌ರೋಲ್ ಮೊಕ್' (ಮೊಕ್ ಅಂದರೆ ಯಂತ್ರದ ಮಾಲೀಕರ ಕೀ) ಆರಿಸಿ, ಪಾಸ್‌ವರ್ಡ್ ಹೊಡೆದೆ. ಅಲ್ಲಿ ಅಮೆರಿಕನ್ ಕೀಬೋರ್ಡ್ ಮಾತ್ರ, ಆದ್ದರಿಂದ ಬರೀ ಅಂಕಿಗಳನ್ನೇ ಇಟ್ಟಿದ್ದೆ.

ಕನ್ನಡಕ್ಕೆ ಕಗಪ ಕೀಬೋರ್ಡ್ ಲೇಔಟ್ ಸೇರಿಸಿದೆ, ಗುಬ್ಬಿ, ನವಿಲು ಫಾಂಟುಗಳನ್ನೂ. ಬೆರಳಚ್ಚಿನ ಸೆನ್ಸರ್ ಇನ್ನೂ ಕೆಲಸ ಮಾಡುತ್ತಿಲ್ಲ. ಅವಳಿಗೆ ಅದು ಬೇಡವಂತೆ.