ವಯನಾಡಿನ ಬಾಳೆಕಾಯಿ ಚಿಪ್ಸ್: ಕೊಳ್ಳುವ ಮುಂಚೆ ತೋಟ ನೋಡಿ

ಮೈಸೂರಿನಿಂದ ವಯನಾಡಿನ ಸುಲ್ತಾನ್ ಬತ್ತೇರಿಗೆ ಸುಮಾರು 115 ಕಿ.ಮೀ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರದ ಕಾಡು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸ್ವಂತ ಗಾಡಿ ಬಿಡುವುದಿಲ್ಲ. ವಾಪಸ್ ಬರುವಾಗ ತಡವಾದರೆ ಕುಟ್ಟ, ಗೋಣಿಕೊಪ್ಪ, ಹುಣಸೂರು ಸುತ್ತಿಕೊಂಡು ಬರಬೇಕಾಗುತ್ತದೆ.

ದಾರಿಯುದ್ದಕ್ಕೂ ಚಿಪ್ಸ್ ಅಂಗಡಿಗಳು ಕರೆಯುತ್ತವೆ. ಸ್ವಲ್ಪ ತಡೆಯಿರಿ. ಈ ಚಿಪ್ಸ್ ಮಾಡುವ ನೇಂದ್ರ ಬಾಳೆಯನ್ನು ವಯನಾಡಿನಲ್ಲಿ ಎರಡು ಥರ ಬೆಳೆಯುತ್ತಾರೆ. ಮೊದಲು ಭತ್ತ ಇದ್ದ ಗದ್ದೆಗಳಲ್ಲಿ ಸಾಲು ಸಾಲಾಗಿ ಬರೀ ಬಾಳೆ ಒಂದು ಥರ. ಮನೆಗೆ ಹೊಂದಿಕೊಂಡ ಮಿಶ್ರ ತೋಟದ ಬಾಳೆ ಇನ್ನೊಂದು. ನೋಡಬೇಕಾದದ್ದು ಈ ಎರಡನೆಯದು.

ನಾವು ಉಳಿದಿದ್ದ ಹೋಂಸ್ಟೇ ತೋಟದಲ್ಲಿ ಮೇಲೆ ಹಲಸು, ಸಿಲ್ವರ್ ಓಕ್, ಅವಕ್ಕೆ ಹಬ್ಬಿದ ಕಾಳುಮೆಣಸು. ಕೆಳಗೆ ರೊಬಸ್ಟಾ ಕಾಫಿ. ಬಿಸಿಲು ಬೀಳುವ ಸಂದಿಯಲ್ಲೆಲ್ಲ ಬಾಳೆ. ಉದುರಿದ ಎಲೆಯೇ ನೆಲಕ್ಕೆ ಹೊದಿಕೆ, ಅದೇ ಕೊಳೆತು ಗೊಬ್ಬರ. ಹೊಸ ಕಾಫಿ ಗಿಡ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ನೇಂದ್ರ ವರ್ಷದೊಳಗೆ ಗೊನೆ ಕೊಡುತ್ತದೆ. ಅಲ್ಲಿಯವರೆಗೆ ಮನೆ ಖರ್ಚು ನಡೆಯೋದು ಅದರಿಂದಲೇ, ಅಲ್ವಾ? ಗಾಳಿಗೆ ಬೀಳದಿದ್ದರೆ, ಆನೆ ಬರದಿದ್ದರೆ.

ಚಿಪ್ಸ್ ಮಾಡುವುದನ್ನು ಹತ್ತಿರದಿಂದ ನೋಡಲೇಬೇಕು. ಚೆನ್ನಾಗಿ ಬಲಿತ, ಆದರೆ ಹಣ್ಣಾಗದ ಕಾಯಿಯ ಸಿಪ್ಪೆ ತೆಗೆದು ಅರಿಶಿನದ ನೀರಿನಲ್ಲಿ ಹಾಕುತ್ತಾರೆ. ಆಮೇಲೆ ಕಾದ ಕೊಬ್ಬರಿ ಎಣ್ಣೆಯ ಮೇಲೇ ಮಣೆ ಹಿಡಿದು ತುರಿಯುತ್ತಾರೆ, ಬಿಲ್ಲೆಗಳು ನೇರ ಎಣ್ಣೆಗೇ ಬೀಳುತ್ತವೆ. ನೊರೆ ಇಳಿಯುವ ಹೊತ್ತಿಗೆ ಒಂದು ಚಮಚ ಉಪ್ಪುನೀರು. ಚಟಪಟ ಸಿಡಿಯುತ್ತದೆ, ದೂರ ನಿಲ್ಲಿ. ಆ ಮನೆಯ ಅಜ್ಜಿ ಬಣ್ಣ ನೋಡುತ್ತಿರಲಿಲ್ಲ. ಜಾಲರಿ ಸೌಟು ಆಡಿಸಿ, ಗಲಗಲ ಸದ್ದು ಬಂದ ಮೇಲೇ ಎತ್ತುತ್ತಿದ್ದರು.

ಇಂಥ ಮನೆಗಳಲ್ಲಿ ದಿನಾ ಚಿಪ್ಸ್ ಸಿಗಲ್ಲ. ಗೊನೆ ಕಡಿದಾಗ ಮಾತ್ರ. ಹಾಗಾಗಿ ರೂಮ್ ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: ತೋಟದಲ್ಲಿ ಬಲಿತ ಗೊನೆ ಇದೆಯಾ, ಯಾವ ಎಣ್ಣೆಯಲ್ಲಿ ಕರಿಯುತ್ತೀರಿ? ಅಂಗಡಿಯಲ್ಲಾದರೆ ಎಣ್ಣೆಯ ಜೊತೆಗೆ ಕಾಯಿ ಯಾವ ತೋಟದ್ದು ಅಂತಲೂ ಕೇಳಿ. ಕಾಯಿ ಎಲ್ಲಿಂದ ಬಂತು ಅಂತ ಹೇಳಲಾಗದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಓಣಂ ಹತ್ತಿರ ಬಂದರೆ ನೇಂದ್ರಕ್ಕೆ ಬೇಡಿಕೆ ಜಾಸ್ತಿ, ಬೆಲೆಯೂ ಏರುತ್ತದೆ. ಮಳೆಗಾಲದಲ್ಲಿ ತೋಟದ ತುಂಬ ಜಿಗಣೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಕಾಫಿ ಕೊಯ್ಲೂ ನೋಡಬಹುದು.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಚಿಪ್ಸ್ ಪೂರ್ತಿ ಆರಿದ ಮೇಲೇ ತುಂಬಿಸಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಕರಿದ ನೇಂದ್ರ ಕಾಯಿಯನ್ನು ಶುಂಠಿ ಪುಡಿ ಹಾಕಿದ ಬೆಲ್ಲದ ಪಾಕದಲ್ಲಿ ಹೊರಳಿಸಿ ಮಾಡುವ ಶರ್ಕರ ವರಟ್ಟಿ ಇದ್ದರೆ ಅದನ್ನೂ ಕೇಳಿ. ದಪ್ಪ ತುಂಡುಗಳು, ಮಕ್ಕಳಿಗೆ ಅದೇ ಇಷ್ಟವಾಗುವುದು.